ಓದದೆ ಕೊಟ್ಟ ಒಪ್ಪಿಗೆ

ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವ ಮಹಾಂತೇಶನಿಗೆ ಒಂದು ಚಟವಿತ್ತು. ಓದದೆ ಯಾವುದಕ್ಕೂ ತಾನು ಸಹಿ ಹಾಕಲಾರ, ಇನ್ನೊಬ್ಬರಿಗೂ ಹಾಕಗೊಡಲಾರ. ಪಹಣಿ ತಿದ್ದುಪಡಿಗೆ ಬಂದ ಮುದುಕರು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ನಿಂತಿದ್ದರೂ, "ತಡೀರಿ ಯಜಮಾನ್ರೆ, ಏನ್ ಬರ್ದೈತಿ ಅಂತ ಮೊದ್ಲು ಕೇಳ್ರಿ" ಎಂದು ಪೂರ್ತಿ ಓದಿ ಹೇಳುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ಬೈದುಕೊಳ್ಳುತ್ತಿದ್ದರು. ಬೈಯುವಾಗಲಾದರೂ ಹೆಸರು ಹಿಡಿದು ಬೈದರೇ? ಅದೂ ಇಲ್ಲ. ಎಲ್ಲರಿಗೂ ಅವನು ಬರೀ ‘ಕಂಪ್ಯೂಟರ್‌ನೋರು’.

ಹೆಸರು ಹಿಡಿದು ಕರೆಯುತ್ತಿದ್ದವಳು ಅವ್ವ ಮಾಳಮ್ಮ ಒಬ್ಬಳೇ. ಉಡುತಡಿಯ ಸುತ್ತ ಕುರಿ ಕಾಯ್ದುಕೊಂಡಿದ್ದ ಅವಳು ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಇಬ್ಬರೇ: ನಲವತ್ತು ದಾಟಿದ ಇವನು, ಹುಟ್ಟಿದಾಗಿನಿಂದ ಮಾತು ಬಾರದ ತಂಗಿ ಮೀನಾ. ಅವಳ ಕಿವಿ ಮಾತ್ರ ಬಲು ಚುರುಕು. ಅವಳಿಗೆಂದೇ ಅವನು ಇಂಟರ್‌ನೆಟ್ ನೋಡಿ ಪ್ರೋಗ್ರಾಮ್ ಬರೆಯಲು ಕಲಿತು ಒಂದು ಆ್ಯಪ್ ಮಾಡಿದ್ದ. ಟ್ಯಾಬಿನಲ್ಲಿ ನೀರು, ರೊಟ್ಟಿ, ಕಂಬಳಿಯ ಚಿತ್ರಗಳು. ಯಾವುದನ್ನು ಒತ್ತಿದರೂ ಅದು ಮೀನಾಳ ಪರವಾಗಿ ಮಾತಾಡಬೇಕು. ಧ್ವನಿ ಕೊಟ್ಟವಳು ಆಗಿನ್ನೂ ಬದುಕಿದ್ದ ಅವ್ವ.

"‘ನಂಗೆ ನೀರು ಬೇಕು’ ಅನ್ನವ್ವ" ಎಂದರೆ ಮಾಳಮ್ಮ ಸುತರಾಂ ಒಪ್ಪಲಿಲ್ಲ.

"ನಂಗೆಲ್ಲಿ ಬಾಯಾರೈತಿ? ಈಗ್ ತಾನೆ ಮಜ್ಜಿಗಿ ಕುಡ್ದೀನಿ. ಸುಳ್ಳು ಹೆಂಗ್ ಹೇಳ್ಲೋ?"

ಮೊಬೈಲನ್ನು ಬಾಯಿಗೆ ಹಿಡಿದು ಅವಳು ಮೂವತ್ತು ವರ್ಷದಿಂದ ಒಲೆಯ ಮುಂದೆ ಕೂತು ಹೇಳುತ್ತ ಬಂದದ್ದನ್ನೇ ಹೇಳಿದಳು: "ಮಹಾಂತೇಶ, ತಂಗೀಗೆ ನೀರು ಕೊಡಪ್ಪ." ತಿದ್ದಿ ತಿದ್ದಿ ಸಾಕಾಗಿ ಅವನು ಅದನ್ನೇ ಸೇರಿಸಿದ.

ಆ ಟ್ಯಾಬಿನ ಕಂಪನಿಗೋ ನೂರೆಂಟು ಕಟ್ಟಳೆ. ವರ್ಷದ ಶುಲ್ಕ ಕಟ್ಟದವರ ಆ್ಯಪ್ ಏಳೇ ದಿನ ಬದುಕುತ್ತದೆ, ಎಂಟನೆಯ ದಿನ ಒತ್ತಿದರೆ ತೆರೆಯುವುದಿಲ್ಲ. ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಟ್ಯಾಬನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಆ್ಯಪನ್ನು ಮತ್ತೆ ಸಿದ್ಧಮಾಡಿ ಹಾಕುತ್ತಿದ್ದ. ಅದೊಂದು ಕೆಲಸ ಮುಗಿದ ಮೇಲೆ ಉಳಿದ ಭಾನುವಾರವನ್ನು ಹೇಗೆ ಕಳೆಯಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆ ಭಾನುವಾರ ಆ್ಯಪ್ ಸಿದ್ಧವಾಗಲೇ ಇಲ್ಲ. ಪರದೆಯ ತುಂಬ ಕೆಂಪು ಅಕ್ಷರದ ದೋಷಗಳು. ಹಿಂದಿನ ವಾರ ನೆಟ್ಟಗಿದ್ದ ತನ್ನ ಸಾಲುಗಳನ್ನೇ ಅನುಮಾನಿಸಿ ಒಂದೊಂದಾಗಿ ತಿದ್ದಿದ, ಅಳಿಸಿದ. ದೋಷಗಳು ಇನ್ನೂ ಹೆಚ್ಚಿದವು. ಪಕ್ಕದಲ್ಲಿ ಮೀನಾ ತೆರೆಯದ ಆ್ಯಪನ್ನು ಒತ್ತುತ್ತಲೇ ಕೂತಿದ್ದಳು. ನೀರು ಕೊಟ್ಟ, ಕುಡಿಯಲಿಲ್ಲ. ರೊಟ್ಟಿ ಕೊಟ್ಟ, ತಟ್ಟೆ ಸರಿಸಿದಳು. ಏನು ಬೇಕೆಂದು ಹೇಳಬೇಕಾದ ಟ್ಯಾಬೇ ಬಾಯಿ ಮುಚ್ಚಿಕೊಂಡಿತ್ತು.

ಮಧ್ಯಾಹ್ನದ ಹೊತ್ತಿಗೆ ದೋಷಗಳ ಪಟ್ಟಿಯ ತುದಿಯಲ್ಲಿದ್ದ ಸಾಲು ಕಣ್ಣಿಗೆ ಬಿತ್ತು: ಪರವಾನಗಿಯ ಕರಾರಿಗೆ ನೀವು ಒಪ್ಪಿಲ್ಲ, ಮೊದಲು ಒಪ್ಪಿ. ಮಹಾಂತೇಶ ಹಣೆ ಚಚ್ಚಿಕೊಂಡ. ಶನಿವಾರ ಪ್ರೋಗ್ರಾಮ್ ಬರೆಯುವ ತಂತ್ರಾಂಶವನ್ನು ಹೊಸದಾಗಿಸಿದಾಗ ಆ ಕರಾರು ಬಂದಿತ್ತು. ಸಾವಕಾಶವಾಗಿ ಓದಿ ಒಪ್ಪೋಣವೆಂದು ಮುಚ್ಚಿಟ್ಟವನು ಇವನೇ. ಊರಿಗೆಲ್ಲ ಹೇಳಿದ ಬುದ್ಧಿ ತನ್ನ ಕೊರಳಿಗೇ ಸುತ್ತಿಕೊಂಡಿತ್ತು.

ಪಾಸ್‌ವರ್ಡ್ ಕೊಟ್ಟು ಕರಾರನ್ನು ತೆರೆದ. ಅದು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ಆಗಲೂ ಅಭ್ಯಾಸ ಬಿಡಲಿಲ್ಲ, ಮೊದಲ ಸಾಲಿನಿಂದ ಓದತೊಡಗಿದ. ಮೂರನೆಯ ಪುಟಕ್ಕೆ ಬಂದಾಗ ಮೀನಾ ಟ್ಯಾಬನ್ನು ಅವನ ತೊಡೆಯ ಮೇಲೆ ತಂದಿಟ್ಟಳು. ಅವಳ ಕಣ್ಣು ತುಂಬಿತ್ತು. ಮಹಾಂತೇಶ ಸ್ಪೇಸ್ ಕೀಲಿಯನ್ನು ಒತ್ತಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಏನನ್ನೂ ಓದದೆ ಕೊನೆಯ ಪುಟಕ್ಕೆ ಹೋಗಿ, ಒಪ್ಪಿದ್ದೇನೆಂದು ಟೈಪು ಮಾಡಿದ. ಅಳಿಸಿದ ಸಾಲುಗಳನ್ನು ಹಳೆಯ ಪ್ರತಿಯಿಂದ ತಂದು ಸೇರಿಸಿದ. ಈ ಸಲ ಒಂದು ದೋಷವೂ ಬರಲಿಲ್ಲ, ಟ್ಯಾಬಿನಲ್ಲಿ ಆ್ಯಪ್ ತೆರೆಯಿತು.

ಮೀನಾ ನೀರಿನ ಚಿತ್ರ ಒತ್ತಿದಳು.

"ಮಹಾಂತೇಶ, ತಂಗೀಗೆ ನೀರು ಕೊಡಪ್ಪ."

ಅವನು ಓಡಿಹೋಗಿ ಲೋಟ ತಂದ. ಅವಳು ಲೋಟದ ಕಡೆ ನೋಡಲೂ ಇಲ್ಲ. ಮತ್ತೆ ಒತ್ತಿ, ಟ್ಯಾಬನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದಳು. ಅವಳಿಗೆ ಬಾಯಾರಿಯೇ ಇರಲಿಲ್ಲ. ಈ ವರ್ಷವಿಡೀ ದಿನಕ್ಕೆ ಹತ್ತಾರು ಸಲ ನೀರು ತಂದು, "ಎಷ್ಟ್ ನೀರು ಕೇಳ್ತೀಯೆ" ಎಂದು ಗದರಿದ್ದು ನೆನಪಾಗಿ ಅವನಿಗೆ ತಡೆಯಲಾರದ ಸಂಕಟವಾಯಿತು. ಅವ್ವನಿಲ್ಲದೆ ಒಂಟಿಯಾದವನು ತಾನೊಬ್ಬನೇ ಎಂದುಕೊಂಡಿದ್ದ.

ಲೋಟ ಹಿಡಿದುಕೊಂಡೇ ಅವಳ ಪಕ್ಕ ನೆಲದ ಮೇಲೆ ಕೂತ.

"ಇನ್ನೊಂದ್ ಸಲ ಒತ್ತು ಮೀನಾ" ಎಂದ.

"ಮಹಾಂತೇಶ, ತಂಗೀಗೆ ನೀರು ಕೊಡಪ್ಪ."

"ತಂದೀನವ್ವ" ಎಂದು ಅವನು ಟ್ಯಾಬಿಗೆ ಹೇಳಿದ.