ನೆರಳಿನ ಲೆಕ್ಕದ ಭಾವ

ಬಟ್ಟೆ ವ್ಯಾಪಾರಿಯಾದ ನನ್ನ ಕಣ್ಣಿನಿಂದ ನೋಡಿದರೆ ನಮ್ಮ ಭಾವ ಬಾಳಿಕೆಯ ಮಾಲು, ಮಾತು ಮಾತ್ರ ಅಳತೆಗಿಂತ ಎರಡು ಗಜ ಹೆಚ್ಚು. ಬೇಸಿಗೆ ರಜೆಯಲ್ಲಿ ಒಂದು ದಿನ ಥೀಮ್ ಪಾರ್ಕಿಗೆ ಹೋಗಲು ಎರಡು ತಿಂಗಳು ಮೊದಲೇ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಯಾವ ಆಟದ ಸಾಲಿಗೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. "ರೀ, ಮಕ್ಕಳಿಗೆ ಉಚ್ಚೆ ಬಂದ್ರೆ?" ಎಂದು ಅಕ್ಕ ಕೆಣಕಿದರೆ, "ಹನ್ನೊಂದೂ ಇಪ್ಪತ್ತಕ್ಕೆ ಬರುತ್ತೆ ಕಣೇ, ಬರೆದಿದ್ದೀನಿ," ಎನ್ನುತ್ತಾರೆ. ಈ ಮಹಾಶಯರಿಗೆ ತೊಟ್ಟಿಲು ತೂಗುವುದನ್ನು ಕಂಡರೂ ತಲೆ ಸುತ್ತುತ್ತದೆ, ಒಂದು ಆಟವನ್ನೂ ಹತ್ತಿದವರಲ್ಲ. ಈ ಸಲದ ಪಟ್ಟಿಯಲ್ಲಿ ನೆರಳೇ ಇಲ್ಲದ ನೀರಿನ ಜಾರುಬಂಡೆಯ ಎದುರು ಮಾತ್ರ, "ಸಾಲಿನಲ್ಲಿ ಅತ್ತೆಯ ಬದಲು ನಾನು," ಎಂದು ಬರೆದಿತ್ತು. ಆ ದಿನ ಭಾವ ಬಿಸಿಲಿನಲ್ಲಿ ಸಾಲು ನಿಂತರು; ಅವರ ಅತ್ತೆ, ಅಂದರೆ ಬಿಸಿಲು ತಾಳದ ನನ್ನ ಅಮ್ಮ, ಮರದಡಿ ಕುಳಿತಿದ್ದು, ಸರದಿ ಬಂದಾಗ ಹೋಗಿ ಜಾರಿ, ಪುಟ್ಟ ಹುಡುಗಿಯಂತೆ ಕಿರುಚಿ ನಕ್ಕಳು. ಆ ನಗುವಿಗೆ ನಾನು ಭಾವನಿಗೆ ಋಣಿ.