ಬಾಣಂತಿಯ ಮೂಗು

ಮಗಳು ಹೊಟ್ಟೆಯಲ್ಲಿದ್ದಾಗ ಕೊರೊನಾ ಬಂದು ನನ್ನ ಮೂಗನ್ನು ಕೆಡಿಸಿ ಹೋಗಿತ್ತು. ಜ್ವರ ಇಳಿಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಕೂಸನ್ನು ಮೊದಲ ಸಲ ಕೈಗೆ ಕೊಟ್ಟಾಗ ಅದರ ನೆತ್ತಿಗೆ ಮೂಗು ಹಚ್ಚಿದೆ. ಏನೂ ಇಲ್ಲ. ಗೋಡೆಗೆ ಮೂಗು ಹಚ್ಚಿದ ಹಾಗಿತ್ತು. ಪಕ್ಕದಲ್ಲಿದ್ದ ಅವ್ವ ಅದೇ ನೆತ್ತಿಯನ್ನು ಮೂಸಿ ಸುಖವಾಗಿ ಕಣ್ಣು ಮುಚ್ಚಿದಳು. ಹೆತ್ತ ಅವ್ವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ನಾನು ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಇಲಿಗಳ ಪಾಠ ನನಗೆ ಬಾಯಿಪಾಠ. ವಾಸನೆ ಹಿಡಿಯುವ ಒಂದು ಜೀನ್ ನಕಲಾಗುತ್ತದೆ, ನಕಲು ತಲೆಮಾರುಗಳು ಕಳೆದಂತೆ ತುಸು ಬದಲಾಗುತ್ತದೆ, ಹೊಸದೊಂದು ವಾಸನೆ ಹಿಡಿಯಲು ಕಲಿಯುತ್ತದೆ. ಹೀಗೆ ಸಾವಿರದಷ್ಟು ಜೀನ್‌ಗಳನ್ನು ಇಲಿ ಕೂಡಿಹಾಕಿಕೊಂಡಿದೆ. ಗಂಡು ಯಾವುದು, ಬಳಗ ಯಾವುದು, ಹೆದರಿದ್ದು ಯಾವುದು ಎಂಬುದೆಲ್ಲ ಅದಕ್ಕೆ ವಾಸನೆಯಲ್ಲೇ ಗೊತ್ತಾಗುತ್ತದೆ. ನಮ್ಮಲ್ಲೂ ಅಂಥ ಜೀನ್‌ಗಳಿವೆ; ಅರ್ಧಕ್ಕಿಂತ ಹೆಚ್ಚು ಕೆಲಸ ಬಿಟ್ಟು ಕೂತಿವೆ. ಹೀಗೆ ಹೇಳಿ ಪ್ರತಿ ವರ್ಷ ತರಗತಿಯನ್ನು ನಗಿಸುತ್ತಿದ್ದೆ.

ಅದೇ ಪಾಠದಲ್ಲಿ ಇನ್ನೊಂದು ಮಾತಿದೆ. ವಾಸನೆ ಹಿಡಿಯಲಾರದ ತಾಯಿ ಇಲಿ ತನ್ನ ಮರಿಗಳನ್ನು ಗೂಡಿಗೆ ಎಳೆದುಕೊಳ್ಳುವುದಿಲ್ಲ, ಬಿದ್ದಲ್ಲೇ ಬಿಟ್ಟುಬಿಡುತ್ತದೆ. ಆಸ್ಪತ್ರೆಯ ಮಂಚದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಕೂಸಿನ ಮೇಲೆ ಪ್ರೀತಿ ಉಕ್ಕಲಿಲ್ಲ. ಯಾರದೋ ಕೂಸನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಂತಿತ್ತು. ಇದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು?

ಬಾಣಂತನಕ್ಕೆ ಬ್ಯಾಡಗಿಯ ತವರಿಗೆ ಬಂದೆ. ಅವ್ವ ಹಳೆಯ ಧೋತರ, ಸೀರೆಗಳನ್ನು ಹರಿದು ಒಗೆದು ಕೂಸಿಗೆಂದು ಗಂಟು ಕಟ್ಟಿಟ್ಟಿದ್ದಳು. ಒಂದು ಬೆಳಗ್ಗೆ ಬಿಚ್ಚಿದರೆ ನಡುವೆ ಇಲಿಯ ಗೂಡು, ಕಣ್ಣು ಬಿಡದ ಕೆಂಪು ಮರಿಗಳು. ಮೆಣಸಿನಕಾಯಿ ಚೀಲಗಳಿರುವ ಮನೆ, ಇಲಿ ನಮಗೆ ಹೊಸದಲ್ಲ. ಅವ್ವ ಬಟ್ಟೆಯ ಸಮೇತ ಮರಿಗಳನ್ನು ಎತ್ತಿ ಹಿತ್ತಲಿನ ಕಟ್ಟಿಗೆಯ ಸಂದಿಯಲ್ಲಿಟ್ಟಳು.

"ಅದೂ ಬಾಣಂತಿನ ಐತಿ. ಬಂದು ತಗೊಂಡು ಹೋಗತೈತಿ ಬಿಡು," ಎಂದಳು.

ನನಗೆ ಮಾತ್ರ ಇಲಿಯ ಉಚ್ಚೆಯಿಂದ ಬರುವ ರೋಗಗಳ ಹೆಸರೆಲ್ಲ ಗೊತ್ತಿತ್ತಲ್ಲ! ಗಂಟಿನ ಬಟ್ಟೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿಸಿದೆ. ತೊಟ್ಟಿಲಿಗೆ ಹಾಸಿದ್ದ ನನ್ನ ಸೀರೆಯನ್ನೂ ಬಿಡಲಿಲ್ಲ. ಆಮೇಲೆ ಔಷಧಿ ಸೋಪು ಹಚ್ಚಿ ಕೈ, ಕುತ್ತಿಗೆ, ಎದೆ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದುಕೊಂಡೆ. ಮೂಗು ನೆಟ್ಟಗಿದ್ದಿದ್ದರೆ ಅದೇ ‘ಸಾಕು ಮಾಡು’ ಎನ್ನುತ್ತಿತ್ತೇನೋ.

ಮಧ್ಯಾಹ್ನ ಕೂಸು ಮೊಲೆ ಹಿಡಿಯಲಿಲ್ಲ. ಬಾಯಿ ಹಚ್ಚುವುದು, ಮುಖ ತಿರುಗಿಸಿ ಅಳುವುದು. ಸಂಜೆಯಾದರೂ ಅದೇ. ಅತ್ತು ಅತ್ತು ಅದರ ಗಂಟಲು ಬಿದ್ದುಹೋಯಿತು. ಕೊನೆಗೆ ನಾನೂ ಅಳುತ್ತ ಅವ್ವನ ಮುಂದೆ ಹೇಳಿಬಿಟ್ಟೆ.

"ಅವ್ವಾ, ಇದು ನನ್ನ ಕೂಸು ಅಂತ ನನಗ ಅನಸವಲ್ದು. ಈಗ ಅದಕ್ಕೂ ನಾ ಬ್ಯಾಡಾಗೇನಿ."

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಹತ್ತಿರ ಬಂದವಳು ಮೂಗಿಗೆ ಸೆರಗು ಹಿಡಿದಳು.

"ಏನ ಹಚ್ಕೊಂಡೀ ಇದನ್ನ? ದವಾಖಾನಿ ನಾತ ಬರಾಕತ್ತೈತಿ. ಕೂಸಿಗೆ ಹೆಂಗ ಗೊತ್ತಾಗಬೇಕವಾ ನೀ ಅನ್ನೂದು?"

ತಾಯಿಯ ಮೊಲೆ ತೊಳೆದು ವಾಸನೆ ತೆಗೆದುಬಿಟ್ಟರೆ ಇಲಿಮರಿಗಳು ಅದನ್ನು ಹಿಡಿಯಲಾರವು ಎಂಬುದನ್ನೂ ನಾನೇ ಕಲಿಸುತ್ತಿದ್ದೆ. ನನ್ನ ಮೂಗಿನ ಚಿಂತೆಯಲ್ಲಿ ಕೂಸಿಗೂ ಒಂದು ಮೂಗಿದೆ ಎಂಬುದೇ ಮರೆತುಹೋಗಿತ್ತು.

ಅವ್ವ ಬರೀ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನನ್ನ ಎದೆ ಒರೆಸಿದಳು. ಹಾಲು ಹಿಂಡಿ ಕೂಸಿಗೆ ಚಮಚದಲ್ಲಿ ಕುಡಿಸಿದಳು, ನಾಲ್ಕು ಹನಿ ನನ್ನ ಎದೆಗೇ ಸವರಿದಳು. ಮರುದಿನ ಬೆಳಗ್ಗೆ ಸ್ನಾನ ಮಾಡದೆ, ಬೆವೆತ ಕುಪ್ಪಸದಲ್ಲೇ ಕೂಸಿನ ಮಗ್ಗುಲಿಗೆ ಮಲಗಿದೆ. ಅದು ಕಣ್ಣು ಮುಚ್ಚಿಕೊಂಡೇ ಮುಖವನ್ನು ಅತ್ತಿತ್ತ ಆಡಿಸಿತು. ಕುಪ್ಪಸದ ಅಂಚಿಗೆ ಮೂಗು ಒತ್ತಿತು. ನಾನು ಎತ್ತಿ ಹಚ್ಚುವ ಮೊದಲೇ ತಾನಾಗಿ ಹುಡುಕಿ ಗಟ್ಟಿಯಾಗಿ ಹಿಡಿಯಿತು.

ಅಡುಗೆಮನೆಯಿಂದ ಅವ್ವ ಕೂಗಿ ಕೇಳಿದಳು: "ಹಿಡೀತೇನ?"

"ಹೂಂ," ಎಂದೆ. "ನನ್ನ ಮಗಳು ಕುಡ್ಯಾಕತ್ತಾಳ."

ನನ್ನ ಮಗಳು ಎಂದು ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ಮಗಳು ಮೊಲೆ ಬಿಡಬಾರದೆಂದು ಅಲುಗಾಡದೆ ಅತ್ತೆ.