ಹದಿನಾರು ಬಡಾವಣೆ, ಒಂದೇ ಕ್ಲಿನಿಕ್

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನೀಲಿ ಅಕ್ಷರದ ಸಾಲುಗಳು ಕಾಣುತ್ತವಲ್ಲ, ಆ ಶೀರ್ಷಿಕೆಗಳನ್ನು ಬರೆಯುವುದು ನಮ್ಮ ಹೊಟ್ಟೆಪಾಡು. ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿ ಆಫೀಸು. ನನ್ನ ಪಕ್ಕದ ಕುರ್ಚಿ ಸಂಘಮಿತ್ರಾಳದು. ಜನ ಹುಡುಕುವ ಮಾತು ಮೊದಲು ಬರಬೇಕು, ಜಾಗದ ಹೆಸರು ಆಮೇಲೆ, ಅರವತ್ತು ಅಕ್ಷರ ದಾಟಿದರೆ ಕೊನೆ ಕತ್ತರಿಸಿಹೋಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದವಳು ಅವಳೇ. ಶೀರ್ಷಿಕೆ ಓದಿದವರಿಗೆ ಪುಟದೊಳಗೆ ಏನಿದೆ ಅಂತ ತಿಳಿಯಬೇಕು ಎನ್ನುವುದು ಅವಳ ಹಟ.

ಮಾಲೀಕ ಅರುಣ್ ಕುಮಾರನಿಗೆ ಅಂಥ ಹಟಗಳಿರಲಿಲ್ಲ. ರಾಜಾಜಿನಗರದ ಒಂದು ಕ್ಲಿನಿಕ್ಕಿಗೆ ಹದಿನಾರು ವೆಬ್ ಪುಟ ಮಾಡಿಸಿದ, ಬಡಾವಣೆಗೊಂದು. ಇರುವುದು ಒಂದೇ ಕ್ಲಿನಿಕ್. ‘ನಾಯಿ ಕಡಿತಕ್ಕೆ ಚುಚ್ಚುಮದ್ದು, ಅನ್ನಪೂರ್ಣೇಶ್ವರಿ ನಗರ, ಈಗಲೇ ಬನ್ನಿ’. ಮಿಕ್ಕವಕ್ಕೆ ಕೆಂಗೇರಿ, ಜ್ಞಾನಭಾರತಿ ಅಂತ ಹೆಸರಷ್ಟೇ ಬದಲು. ನಕ್ಷೆಯ ಗುರುತನ್ನು ಆಯಾ ಬಡಾವಣೆಯ ನಡುವೆ ಕೈಗೆ ಸಿಕ್ಕ ಕಡೆ ಇಟ್ಟೆವು. ಸಂಘಮಿತ್ರಾ ಎರಡು ದಿನ ಗೊಣಗಿ, ಕೊನೆಗೆ ಬರೆದುಕೊಟ್ಟಳು. ವಾರದೊಳಗೆ ಎಲ್ಲವೂ ಮೇಲಕ್ಕೆ ಬಂದವು. ನಾವು ಪಫ್ಸ್ ತರಿಸಿ ತಿಂದೆವು. 

ಒಂದು ಭಾನುವಾರ ಬೆಳಿಗ್ಗೆ, ಅವಳು ಗೆಳತಿಯ ಮದುವೆಗೆ ಹೋಗಿದ್ದಾಗ, ಹಾಲು ತರಲು ಹೊರಟ ಅವಳ ತಂದೆ ಅಂಜಿನಯ್ಯನವರ ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿತು. ಅವರ ಮನೆ ಅನ್ನಪೂರ್ಣೇಶ್ವರಿ ನಗರದಲ್ಲೇ. ಅವಳ ತಮ್ಮ ಸೀನ ಮೊಬೈಲಿನಲ್ಲಿ ಹುಡುಕಿದ. ಮೊದಲ ಸಾಲೇ ಅದು. ಎರಡು ಬೀದಿ ಆಚೆ ತಾನೇ ಎಂದು ಗಾಯವನ್ನೂ ತೊಳೆಯದೆ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಿದ. ನಕ್ಷೆ ತೋರಿಸಿದ ಜಾಗದಲ್ಲಿ ಟೈಲ್ಸ್ ಅಂಗಡಿ. ಪುಟದಲ್ಲಿದ್ದ ನಂಬರಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ಒಂದೂವರೆ ಗಂಟೆ ಅಲೆದು ಸರ್ಕಾರಿ ಆಸ್ಪತ್ರೆ ಮುಟ್ಟಿದರು. ಸೋಪು ಹಾಕಿ ಗಾಯ ತೊಳೆಯದೆ ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಬೈದು ಚುಚ್ಚಿದರಂತೆ.

ಸಂಜೆ ಸಂಘಮಿತ್ರಾ ಮನೆಗೆ ಬಂದಾಗ ಅಪ್ಪ ಕಾಲು ನೀಡಿ ಕೂತಿದ್ದರು.

“ಫಸ್ಟೇ ಬಂದಿತ್ತು ಕಣಮ್ಮ. ಸುಳ್ಳಿರಲ್ಲ ಅಂದ್ಕೊಂಡ್ವಿ.”

“ಅದನ್ನ ಬರ್ದಿದ್ದು ನಾನೇ ಅಪ್ಪ.”

ಅವರು ಬೈಯಲಿಲ್ಲವಂತೆ. ಬೇರೆ ಯಾರಾದರೂ ನಂಬಿ ಹೋಗುವ ಮುಂಚೆ ಅಳಿಸಿಬಿಡು ಎಂದಷ್ಟೇ ಹೇಳಿದರಂತೆ. ಬೈದಿದ್ದರೆ ವಾಸಿಯಿತ್ತು ಎಂದು ಅವಳು ಸೋಮವಾರ ನನ್ನ ಹತ್ತಿರ ಅತ್ತಳು.

ಅತ್ತು ಮುಗಿಸಿ ಕೆಲಸಕ್ಕೆ ಕೂತಳು. ಹದಿನೈದು ಪುಟ ತೆಗೆದುಹಾಕಿದಳು. ಉಳಿದ ಒಂದಕ್ಕೆ ‘ನಾಯಿ ಕಡಿತಕ್ಕೆ ಚುಚ್ಚುಮದ್ದು, ರಾಜಾಜಿನಗರ ಮಾತ್ರ, ಭಾನುವಾರ ರಜೆ’ ಎಂದು ಬರೆದಳು. ಅವಳು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಶೀರ್ಷಿಕೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಊಟದ ಹೊತ್ತಿಗೆ ಅರುಣ್ ಕುಮಾರ್ ನೋಡಿದ. ಜನ ಒಂದು ಫೋನ್ ಮಾಡಿ ವಿಚಾರಿಸಬಾರದಾ, ಅದಕ್ಕೆಲ್ಲ ನಾವು ಹೊಣೆಯಾ ಎಂದ. ಎಲ್ಲವನ್ನೂ ಮೊದಲಿನಂತೆ ಹಾಕು, ಇಲ್ಲವೇ ಹೊರಡು ಎಂದ. ಆ ಮಾತಾಡುವಾಗಲೂ ಮೊಸರನ್ನ ತಿನ್ನುತ್ತಲೇ ಇದ್ದ, ಥೂ.

ಸಂಘಮಿತ್ರಾ ಬ್ಯಾಗು ಹೆಗಲಿಗೇರಿಸಿ ನನ್ನ ಮೇಜಿನ ಹತ್ತಿರ ನಿಂತಳು. “ನೀನಾದ್ರೂ ವಾಪಸ್ ಹಾಕ್ಬೇಡ ಕಣೋ,” ಎಂದಳು. ನಾನು ಆಯಿತೆಂದು ತಲೆಯಾಡಿಸಿದೆ.

ಸಂಜೆ ಐದರೊಳಗೆ ಹದಿನಾರೂ ಪುಟ ಮೊದಲಿನಂತೆಯೇ ಇದ್ದವು. ಹಾಕಿದವನು ನಾನು.